ಪತ್ತೆ ಆಯ್ತು, ಮುಂದೇನು? ಹಾಸನದ ಮಕ್ಕಳು ಮತ್ತು ಥೆರಪಿಯ ದೂರ

ವರ್ಷಕ್ಕೆ ಎರಡು ಸಲ ಅಂಗನವಾಡಿ ಮುಂದೆ ಆರೋಗ್ಯ ಇಲಾಖೆಯ ಗಾಡಿ ಬಂದು ನಿಲ್ಲಬೇಕು. ಸರ್ಕಾರಿ ಶಾಲೆಗಾದರೆ ವರ್ಷಕ್ಕೆ ಒಂದು ಸಲ. ತಂಡದಲ್ಲಿ ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸ್, ಒಬ್ಬ ಫಾರ್ಮಸಿಸ್ಟ್. ತೂಕ, ಎತ್ತರ, ಕಣ್ಣು, ಕಿವಿ, ಹಲ್ಲು, ಎದೆ ನೋಡುತ್ತಾರೆ. ಮಗು ವಯಸ್ಸಿಗೆ ತಕ್ಕ ಹಾಗೆ ನಡೆಯುತ್ತಿದೆಯಾ, ಮಾತಾಡುತ್ತಿದೆಯಾ ಎಂದು ವಿಚಾರಿಸುತ್ತಾರೆ. ಇದು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಬಾಯಿಮಾತಿನಲ್ಲಿ ಆರ್‌ಬಿಎಸ್‌ಕೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಹುಟ್ಟಿನಿಂದ ಬಂದ ದೋಷ, ಕಾಯಿಲೆ, ಪೋಷಕಾಂಶದ ಕೊರತೆ, ಬೆಳವಣಿಗೆಯ ತಡ ಈ ನಾಲ್ಕನ್ನು ಹುಡುಕುವುದು ಅದರ ಕೆಲಸ.

ಯೋಜನೆ ಒಳ್ಳೆಯದೇ. ಹೃದಯದಲ್ಲಿ ತೂತು, ಸೀಳು ತುಟಿ, ಕಣ್ಣಿನ ಪೊರೆ ಇದ್ದ ಎಷ್ಟೋ ಮಕ್ಕಳಿಗೆ ಇದರಿಂದ ಆಪರೇಷನ್ ಆಗಿದೆ. ಒಂದು ಸಲ ಮಾಡಿ ಮುಗಿಸುವ ಚಿಕಿತ್ಸೆ ಇರುವ ಕಡೆ ಈ ವ್ಯವಸ್ಥೆಗೆ ದಾರಿ ಗೊತ್ತು. ತೊಡಕು ಬರುವುದು ವಾರಗಟ್ಟಲೆ, ವರ್ಷಗಟ್ಟಲೆ ನಡೆಯಬೇಕಾದ ಚಿಕಿತ್ಸೆಯಲ್ಲಿ, ಅಂದರೆ ಥೆರಪಿಯಲ್ಲಿ. ಮಾತು ಬಾರದ ಮಗು, ಕೈಕಾಲು ಬಿಗಿದುಕೊಳ್ಳುವ ಸೆರೆಬ್ರಲ್ ಪಾಲ್ಸಿ ಮಗು, ಆಟಿಸಂ ಇರುವ ಮಗು, ನಾಲ್ಕನೇ ತರಗತಿಗೆ ಬಂದರೂ ಓದಲು ತಡಕಾಡುವ ಮಗು. ಇವರ ಮನೆಯವರ ಕೈಗೆ ಒಂದು ಚೀಟಿ ಸಿಗುತ್ತದೆ. ‘ಹಾಸನಕ್ಕೆ ಹೋಗಿ ತೋರಿಸಿ.’ ಆ ಚೀಟಿ ಕೈಗೆ ಬಂದ ಮೇಲೆ ಏನಾಗುತ್ತದೆ ಅನ್ನುವುದನ್ನು ಯಾರೂ ಅಷ್ಟಾಗಿ ಲೆಕ್ಕ ಇಡುವುದಿಲ್ಲ.

ಇಂಥ ಮಕ್ಕಳು ಅಪರೂಪ ಅಂದುಕೊಳ್ಳಬೇಡಿ. ದೇಶದ ಐದು ಕಡೆ ನಡೆಸಿ 2018ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಅಧ್ಯಯನವಿದೆ. 6ರಿಂದ 9 ವರ್ಷದ ಮಕ್ಕಳಲ್ಲಿ ಶೇ 13.6ರಷ್ಟು ಜನರಿಗೆ ಮಾತು, ಕಿವಿ, ಕಣ್ಣು, ಚಲನೆ, ಮೂರ್ಛೆ, ಬುದ್ಧಿ ಬೆಳವಣಿಗೆ, ಆಟಿಸಂ, ಗಮನ, ಕಲಿಕೆ ಇವುಗಳಲ್ಲಿ ಒಂದಾದರೂ ತೊಂದರೆ ಇತ್ತು. ಆರಕ್ಕಿಂತ ಚಿಕ್ಕವರಲ್ಲಿ ಶೇ 9.2. ಆ ಐದು ಜಾಗಗಳಲ್ಲಿ ಕರ್ನಾಟಕದ್ದು ಒಂದೂ ಇರಲಿಲ್ಲ. ಆದರೂ ಅಂದಾಜಿಗೆ ಸಾಕು. ಮೂವತ್ತು ಮಕ್ಕಳ ಒಂದು ತರಗತಿಯಲ್ಲಿ ನಾಲ್ಕು ಮಕ್ಕಳು.

ದೂರದ ಲೆಕ್ಕ

ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆಯ ಒಂದು ತೋಟದ ಲೈನ್ ಮನೆ ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ ಬಸ್ಸಿಗೆ ನಡೆದು ಬರಬೇಕು. ಆ ಹೊತ್ತಿಗೆ ಆನೆ ಎಲ್ಲಿದೆ ಅಂತ ವಾಟ್ಸಾಪಿನಲ್ಲಿ ನೋಡಿಕೊಂಡೇ ಹೊರಡಬೇಕು. ಸಕಲೇಶಪುರಕ್ಕೆ ಇಳಿದು, ಅಲ್ಲಿಂದ ಹಾಸನಕ್ಕೆ ಇನ್ನೂ 40 ಕಿಲೋಮೀಟರ್. ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಹಿಮ್ಸ್‌ಗೆ ಸೇರಿದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ಸಾಲಲ್ಲಿ ನಿಂತು, ಡಾಕ್ಟರಿಗೆ ತೋರಿಸುವ ಹೊತ್ತಿಗೆ ಮಧ್ಯಾಹ್ನ. ತಾಯಿಯ ಒಂದು ದಿನದ ಕೂಲಿ ಹೋಯಿತು. ಮಳೆಗಾಲದಲ್ಲಿ ರಸ್ತೆ ಕುಸಿದರೆ ಹೋಗಿ ತೋರಿಸುವುದೂ ಇಲ್ಲ.

2023ರ ಜೂನ್‌ನಿಂದ ಶಕ್ತಿ ಯೋಜನೆ ಬಂತು. ಸರ್ಕಾರಿ ಬಸ್ಸಿನಲ್ಲಿ ತಾಯಿಗೆ ಟಿಕೆಟ್ ಇಲ್ಲ. ಇದನ್ನು ಯಾರೂ ಥೆರಪಿ ಯೋಜನೆ ಅಂತ ಕರೆಯುವುದಿಲ್ಲ. ಆದರೆ ನನಗೆ ಅನ್ನಿಸುವಂತೆ ಹಾಸನ ಜಿಲ್ಲೆಯ ವಿಕಲಚೇತನ ಮಕ್ಕಳಿಗೆ ಇತ್ತೀಚಿನ ವರ್ಷಗಳಲ್ಲಿ ಆದ ದೊಡ್ಡ ಉಪಕಾರಗಳಲ್ಲಿ ಇದೂ ಒಂದು. ಪಕ್ಕದ ಚಿಕ್ಕಮಗಳೂರಿನ ಕೊಪ್ಪ, ಶೃಂಗೇರಿ ಕಡೆ ಈ ಅನುಕೂಲ ಅಷ್ಟು ಸಿಗುವುದಿಲ್ಲ. ಅಲ್ಲಿ ಖಾಸಗಿ ಬಸ್ಸೇ ಜಾಸ್ತಿ. ಕಳಸದಿಂದ ಜಿಲ್ಲಾ ಕೇಂದ್ರಕ್ಕೆ ಘಾಟಿ ಸುತ್ತಿ ಬರುವಷ್ಟರಲ್ಲಿ ಸರಿಯಾಗಿ ಕೂರಲಾಗದ ಮಗು ಅರ್ಧ ಜೀವವಾಗಿರುತ್ತದೆ.

ಮಾತಿನ ತೊಂದರೆಗೆ ಹೆಚ್ಚಿನವರು ಕೊನೆಗೆ ಹೋಗುವುದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ. ಅಲ್ಲಿನ ಕೆಲಸದ ಬಗ್ಗೆ ಎರಡು ಮಾತಿಲ್ಲ. ಆದರೆ ಹಾಸನದಿಂದ ಮೈಸೂರು 115 ಕಿಲೋಮೀಟರ್ ಹತ್ತಿರ. ಕೆಎಸ್‌ಆರ್‌ಟಿಸಿ ಕೊಡುವ ವಿಕಲಚೇತನರ ಪಾಸು ನಡೆಯುವುದು ಮನೆಯಿಂದ 100 ಕಿಲೋಮೀಟರ್‌ವರೆಗೆ. ಲೆಕ್ಕ ನೀವೇ ಹಾಕಿ. ಮೈಸೂರಿನಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದು, ಮಗುವಿಗೋಸ್ಕರ ವರ್ಷಗಟ್ಟಲೆ ಅಲ್ಲೇ ಉಳಿಯುವ ತಾಯಂದಿರಿದ್ದಾರೆ. ಊರಲ್ಲಿ ಗಂಡ, ಇನ್ನೊಂದು ಮಗು, ದನ, ಗದ್ದೆ. ಎಲ್ಲರಿಗೂ ಇದು ಆಗುವ ಮಾತಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಹೋದರೆ ಸಿಗುವುದು ಎಷ್ಟು ಹೊತ್ತು? ಒಂದು ಥೆರಪಿ ಅವಧಿ ಸಾಮಾನ್ಯವಾಗಿ ಮುಕ್ಕಾಲು ಗಂಟೆ. ಮಗು ದಿನಕ್ಕೆ ಹನ್ನೆರಡು ಗಂಟೆ ಎಚ್ಚರ ಇರುತ್ತದೆ ಅಂದರೆ ವಾರಕ್ಕೆ 84 ಗಂಟೆ. ವಾರಕ್ಕೊಮ್ಮೆ ತಪ್ಪದೆ ಹೋದರೂ 83 ಗಂಟೆ ಮಗು ಇರುವುದು ಅಮ್ಮನ ಹತ್ತಿರ, ಅಜ್ಜಿ ಹತ್ತಿರ, ಅಂಗನವಾಡಿಯಲ್ಲಿ, ಶಾಲೆಯಲ್ಲಿ. ಮಗು ಕಲಿತರೆ ಆ 83 ಗಂಟೆಯಲ್ಲೇ ಕಲಿಯಬೇಕು. ಹಾಗಾಗಿ ಥೆರಪಿಸ್ಟ್‌ಗೆ ಮಗುವಿನ ಜೊತೆ ಕೆಲಸ ಮಾಡುವುದರಷ್ಟೇ ಮುಖ್ಯ ಮನೆಯವರಿಗೂ ಟೀಚರಿಗೂ ಕಲಿಸುವುದು. ಈಗ ಹಲವು ಕಡೆ ಆಗುತ್ತಿರುವುದು ಬೇರೆ. ಮಗುವನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕುತ್ತಾರೆ. ತಾಯಿ ಹೊರಗೆ ಬೆಂಚಿನ ಮೇಲೆ ಕೂತಿರುತ್ತಾಳೆ. ಕೊನೆಯ ಎರಡು ನಿಮಿಷದಲ್ಲಿ ‘ಮನೇಲೂ ಮಾಡಿಸಿ’ ಅಂತ ಹೇಳಿ ಕಳಿಸುತ್ತಾರೆ. ಏನು ಮಾಡಿಸಬೇಕು, ಎಷ್ಟು ಹೊತ್ತು, ಮಗು ಅತ್ತರೆ ಏನು ಮಾಡಬೇಕು ಅನ್ನುವುದು ಆ ಎರಡು ನಿಮಿಷದಲ್ಲಿ ಮುಗಿಯುವ ವಿಷಯವೇ?

ಮನೆಯಲ್ಲಿ ಆಗುವ ಅರ್ಧ ಚಿಕಿತ್ಸೆ

ಒಂದು ಉದಾಹರಣೆ ನೋಡಿ. ಹುಟ್ಟುವಾಗಲೇ ಪಾದ ಒಳಗೆ ತಿರುಚಿರುವ ಮಕ್ಕಳಿಗೆ ಪಾನ್ಸೆಟಿ ವಿಧಾನದ ಚಿಕಿತ್ಸೆ ಕೊಡುತ್ತಾರೆ. ವಾರಕ್ಕೊಂದರಂತೆ ಐದಾರು ಪ್ಲಾಸ್ಟರ್ ಹಾಕಿ ಪಾದವನ್ನು ನಿಧಾನವಾಗಿ ನೇರ ಮಾಡುತ್ತಾರೆ. ಬೇಕಾದರೆ ಹಿಮ್ಮಡಿಯ ಸ್ನಾಯುರಜ್ಜುವಿಗೆ ಒಂದು ಚಿಕ್ಕ ಕೊಯ್ತ. ಆಸ್ಪತ್ರೆಯ ಕೆಲಸ ಬಹುಪಾಲು ಎರಡು ಮೂರು ತಿಂಗಳಲ್ಲಿ ಮುಗಿಯಿತು. ಆಮೇಲೆ ನಡುವೆ ಪಟ್ಟಿ ಇರುವ ಬೂಟು. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ನಂತರ ನಾಲ್ಕೈದು ವರ್ಷ ತುಂಬುವವರೆಗೆ ರಾತ್ರಿ ಮಲಗುವಾಗ. ಪಾದ ಮತ್ತೆ ತಿರುಚಿಕೊಳ್ಳುವುದಕ್ಕೆ ಮುಖ್ಯ ಕಾರಣವೇ ಈ ಬೂಟು ಹಾಕದೆ ಬಿಡುವುದು. ಮಗು ಅಳುತ್ತದೆ, ‘ಪಾಪ, ಬಿಚ್ಚಿಬಿಡು’ ಅಂತ ಅತ್ತೆ ಹೇಳುತ್ತಾರೆ, ಪಾದ ಹೇಗೂ ನೆಟ್ಟಗಾಗಿದೆಯಲ್ಲ. ಇಲ್ಲಿ ಡಾಕ್ಟರು ಮಾಡಿದ್ದನ್ನು ಉಳಿಸುವವರು ಮನೆಯವರು. ಅವರಿಗೆ ಕಾರಣ ತಿಳಿಸದೆ ಬೂಟು ಮಾತ್ರ ಕೊಟ್ಟು ಕಳಿಸಿದರೆ ಅದು ಅಟ್ಟ ಸೇರುತ್ತದೆ.

ಮಾತಿನ ವಿಷಯದಲ್ಲೂ ಇದೇ. ಆಟಿಸಂ ಇರುವ ಮಕ್ಕಳ ತಂದೆತಾಯಿಗೆ, ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರಿಂದಲೇ ತರಬೇತಿ ಕೊಡಿಸುವ ಒಂದು ಪ್ರಯೋಗ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆಯಿತು. ಫಲಿತಾಂಶ 2016ರಲ್ಲಿ ಬಂತು. ಮಗುವಿನ ಸನ್ನೆಗೆ ತಂದೆತಾಯಿ ಸ್ಪಂದಿಸುವ ರೀತಿ ಸುಧಾರಿಸಿತ್ತು. ಮಗು ತಾನಾಗಿ ಏನನ್ನಾದರೂ ತೋರಿಸುವುದು, ಕೇಳುವುದು ಹೆಚ್ಚಿತ್ತು. ಎಲ್ಲ ಅಳತೆಯಲ್ಲೂ ಲಾಭ ಕಾಣಲಿಲ್ಲ, ಇದು ಮ್ಯಾಜಿಕ್ ಅಲ್ಲ. ಆದರೂ ತಜ್ಞರು ಸಿಗದ ಕಡೆ ಕೈಕಟ್ಟಿ ಕೂರಬೇಕಿಲ್ಲ ಅನ್ನುವುದಕ್ಕೆ ಸಾಕಾದ ಆಧಾರ. ವಿಶ್ವ ಆರೋಗ್ಯ ಸಂಸ್ಥೆಯೂ ಪೋಷಕರ ತರಬೇತಿಗೆ ಒಂಬತ್ತು ಗುಂಪು ಪಾಠ, ಮೂರು ಮನೆ ಭೇಟಿಯ ಒಂದು ಕ್ರಮ ರೂಪಿಸಿದೆ. ತಾಲ್ಲೂಕು ಆಸ್ಪತ್ರೆಯ ಒಂದು ಕೋಣೆಯಲ್ಲಿ ಇದನ್ನು ನಡೆಸಬಹುದು. ದೊಡ್ಡ ಯಂತ್ರ ಏನೂ ಬೇಡ.

ಮನೆಯಲ್ಲಿ ಮಾಡುವುದು ಅಂದರೆ ಮನೆಯನ್ನೇ ಆಸ್ಪತ್ರೆ ಮಾಡುವುದು ಅಂತ ಕೆಲವರು ತಿಳಿದಿದ್ದಾರೆ. ಬಣ್ಣಬಣ್ಣದ ಆಟಿಕೆ ಕಿಟ್ ಆನ್‌ಲೈನಲ್ಲಿ ತರಿಸುತ್ತಾರೆ. ಸುಮ್ನೆ ದುಡ್ಡು ದಂಡ. ಚಳಿಗಾಲದಲ್ಲಿ ಹಾಸನದ ಯಾವ ಮನೆಯಲ್ಲಿ ಅವರೆಕಾಯಿ ಇರುವುದಿಲ್ಲ? ನೆನೆಸಿದ ಕಾಳನ್ನು ಹಿಸುಕಿ ಸಿಪ್ಪೆ ಬಿಡಿಸುವಾಗ ಹೆಬ್ಬೆರಳು, ತೋರುಬೆರಳಿಗೆ ಸಿಗುವ ವ್ಯಾಯಾಮವೇ ಪೆನ್ಸಿಲ್ ಹಿಡಿಯಲೂ ಬೇಕು. ಅಳಗುಳಿ ಮಣೆಯಲ್ಲಿ ಹುಣಸೆ ಬೀಜ ಒಂದೊಂದಾಗಿ ಹಾಕುವಾಗ ಬೆರಳು, ಎಣಿಕೆ, ಸರದಿ ಕಾಯುವುದು ಮೂರೂ ಬರುತ್ತವೆ. ಒಂದು ಎಚ್ಚರ ಇರಲಿ. ಸಿಕ್ಕಿದ್ದನ್ನು ಬಾಯಿಗೆ ಹಾಕುವ ಮಗುವಾದರೆ ಕಾಳು, ಬೀಜ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅಂಥ ಮಗುವಿಗೆ ಅಕ್ಕಿ ರೊಟ್ಟಿ ಹಿಟ್ಟಿನ ಉಂಡೆಯೇ ಸಾಕು, ತಟ್ಟಲಿ.

ಮಾತಿಗೆ ಬೇಕಾದದ್ದು ಇನ್ನೂ ಸರಳ, ಆದರೆ ಮಾಡಲು ಕಷ್ಟ. ಮಗು ಕೇಳುವ ಮೊದಲೇ ಕೊಡಬೇಡಿ. ಲೋಟ ಕಣ್ಣಿಗೆ ಕಾಣುವ ಹಾಗೆ, ಕೈಗೆ ಸಿಗದ ಹಾಗೆ ಇಡಿ. ಮಗು ನೋಡಿತು, ಕೈ ಚಾಚಿತು. ‘ನೀರು ಬೇಕಾ? ನೀರು’ ಅನ್ನಿ. ಆಮೇಲೆ ಸುಮ್ಮನೆ ಕಾಯಿರಿ. ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಹೊತ್ತು. ನಮ್ಮಲ್ಲಿ ಹೆಚ್ಚಿನವರಿಗೆ ಈ ಕಾಯುವುದೇ ಆಗುವುದಿಲ್ಲ. ಮಗು ‘ನೀ’ ಅಂದರೂ, ಬರೀ ಬೆರಳು ತೋರಿಸಿದರೂ ಕೊಡಿ. ಸ್ನಾನದ ಹೊತ್ತಿನಲ್ಲಿ, ಕೊಟ್ಟಿಗೆಯಲ್ಲಿ, ಬಟ್ಟೆ ಮಡಿಸುವಾಗ ಹೀಗೆ ಐದೈದು ನಿಮಿಷ ಸಿಕ್ಕರೆ ದಿನಕ್ಕೆ ಅರ್ಧ ಗಂಟೆ ಆಯಿತು. ಮೊಬೈಲು ಕೊಟ್ಟು ಊಟ ಮಾಡಿಸಿದರೆ ಈ ಅವಕಾಶ ಪೂರ್ತಿ ಹೋಗುತ್ತದೆ.

ಸೆರೆಬ್ರಲ್ ಪಾಲ್ಸಿ ಮಗುವನ್ನು ಎತ್ತಿಕೊಳ್ಳುವುದು, ಕೂರಿಸುವುದು, ಉಣಿಸುವುದೇ ಥೆರಪಿ. ಕಾಲು ಕತ್ತರಿಯಂತೆ ಬಿಗಿಯುವ ಮಗುವನ್ನು ಸೊಂಟದ ಮೇಲೆ, ಎರಡೂ ಕಾಲು ಅಗಲಿಸಿ ಕೂರಿಸಿಕೊಳ್ಳಿ ಎಂದು ಫಿಸಿಯೋಗಳು ಹೇಳುತ್ತಾರೆ. ನಮ್ಮ ಹೆಂಗಸರು ಮಕ್ಕಳನ್ನು ಎತ್ತಿಕೊಳ್ಳುವುದೇ ಹಾಗೆ. ಗೋಡೆಯ ಮೂಲೆಯಲ್ಲಿ ಎರಡು ಕಡೆ ದಿಂಬು ಕೊಟ್ಟರೆ ಕೂರಲು ಆಸರೆ ಸಿಗುತ್ತದೆ. ಮಲಗಿಸಿಕೊಂಡು ಮಾತ್ರ ಉಣಿಸಬಾರದು. ಅನ್ನ, ಹಾಲು ಶ್ವಾಸನಾಳಕ್ಕೆ ಹೋಗುತ್ತದೆ. ಪದೇ ಪದೇ ಬರುವ ಕಫ, ನ್ಯುಮೋನಿಯಾಗೆ ಎಷ್ಟೋ ಸಲ ಇದೇ ಕಾರಣ. ನೇರ ಕೂರಿಸಿ, ಮುದ್ದೆಯನ್ನು ಸಾರಿನಲ್ಲಿ ಚೆನ್ನಾಗಿ ಕಿವುಚಿ, ಚಿಕ್ಕ ಚಿಕ್ಕ ತುತ್ತು.

ಇಲ್ಲಿ ಒಂದು ಅಪಾಯವೂ ಇದೆ. ‘ಮನೆಯಲ್ಲೇ ಮಾಡಿ’ ಅಂದರೆ ‘ಅಮ್ಮನೇ ಮಾಡಲಿ’ ಅಂತ ಅರ್ಥ ಆಗಿಬಿಡುತ್ತದೆ. ಆಕೆ ತೋಟಕ್ಕೂ ಹೋಗಬೇಕು, ಅಡುಗೆಯೂ ಮಾಡಬೇಕು, ಮಗು ಮಾತಾಡದಿದ್ದರೆ ಬೈಗುಳವೂ ಆಕೆಗೇ. ಹಾಗಾಗಿ ಆಸ್ಪತ್ರೆಯಲ್ಲಿ ಒಂದು ನಿಯಮ ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ಒಂದು ಮಗುವಿಗೆ ಕನಿಷ್ಠ ಇಬ್ಬರಿಗೆ ಕಲಿಸಿ ಕಳಿಸಿ. ಅಪ್ಪ ಬರಲಿ, ಇಲ್ಲವೇ ಅಜ್ಜಿ ಬರಲಿ. ಅಜ್ಜಿಯನ್ನು ಒಳಗೆ ಸೇರಿಸಿಕೊಳ್ಳುವುದರಿಂದ ಇನ್ನೊಂದು ಲಾಭ ಇದೆ. ‘ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು, ಗಂಡು ಮಕ್ಕಳು ತಡ’ ಅಂತ ಸಮಾಧಾನ ಹೇಳಿ ವರ್ಷ ಕಳೆಸುವವರು, ಬಜೆ ತೇಯ್ದು ಜೇನಿನಲ್ಲಿ ನಾಲಿಗೆಗೆ ಹಚ್ಚುವವರು ಹೆಚ್ಚಾಗಿ ಅವರೇ. ಅಂದ ಹಾಗೆ, ಒಂದು ವರ್ಷದ ಒಳಗಿನ ಮಗುವಿಗೆ ಜೇನು ಬೇಡವೇ ಬೇಡ. ಒಂದು ವರ್ಷಕ್ಕೆ ಹೆಸರು ಕರೆದರೆ ತಿರುಗದಿದ್ದರೆ, ಒಂದೂವರೆ ವರ್ಷಕ್ಕೆ ಒಂದು ಪದವೂ ಇಲ್ಲದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಜೋಡಿಸದಿದ್ದರೆ, ಬಂದ ಮಾತು ನಿಂತುಹೋದರೆ ಕಾಯಬಾರದು. ಮೊದಲು ಕಿವಿ ಪರೀಕ್ಷೆ ಮಾಡಿಸಬೇಕು. ಬೆಳವಣಿಗೆಯ ಹಂತಗಳ ಚಿತ್ರ ಎಲ್ಲರ ಮನೆಯಲ್ಲಿರುವ ತಾಯಿ ಕಾರ್ಡಿನಲ್ಲೇ ಅಚ್ಚಾಗಿದೆ. ಲಸಿಕೆ ಪುಟ ಬಿಟ್ಟರೆ ಬೇರೆ ಪುಟ ತಿರುಗಿಸುವವರು ಕಡಿಮೆ.

ನಾಲ್ಕನೇ ತರಗತಿಯ ಹೊಸ್ತಿಲು

ಶಾಲೆಯ ಕಡೆ ಬರೋಣ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿವರೆಗೆ ನಲಿಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ಈ ಪದ್ಧತಿಯಲ್ಲಿ ಮಗು ಗುಂಪಿನಲ್ಲಿ ಕೂತು, ಕಾರ್ಡು ಹಿಡಿದು, ತನ್ನ ವೇಗದಲ್ಲಿ ಒಂದೊಂದೇ ಮೆಟ್ಟಿಲು ಹತ್ತುತ್ತದೆ. ನಿಧಾನ ಕಲಿಯುವ ಮಗುವಿಗೆ ಇದಕ್ಕಿಂತ ಹೊಂದುವ ತರಗತಿ ಸಿಗುವುದು ಕಷ್ಟ. ಹಾಡು, ಚಿತ್ರ, ಚಟುವಟಿಕೆ ಎಲ್ಲ ಇದೆ, ಪಕ್ಕದ ಮಗುವಿನ ಜೊತೆ ಓಟ ಇಲ್ಲ. ನಾಲ್ಕನೇ ತರಗತಿಗೆ ಕಾಲಿಟ್ಟ ದಿನವೇ ಇದೆಲ್ಲ ನಿಲ್ಲುತ್ತದೆ. ಪಠ್ಯಪುಸ್ತಕ, ಬೋರ್ಡು, ನೋಟ್ಸು. ಅಲ್ಲಿವರೆಗೆ ಯಾರಿಗೂ ಕಾಣದ ಮಗು ಏಕಾಏಕಿ ‘ದಡ್ಡ’ ಆಗುತ್ತದೆ. ಆದ್ದರಿಂದ ಮೂರನೇ ತರಗತಿ ಮುಗಿಯುವಾಗ ಯಾವ ಮಗು ಯಾವ ಮೆಟ್ಟಿಲಲ್ಲಿ ಸಿಕ್ಕಿಕೊಂಡಿತ್ತು ಅನ್ನುವ ದಾಖಲೆ ನಾಲ್ಕನೇ ತರಗತಿ ಟೀಚರ ಕೈಗೆ ಹೋಗಬೇಕು. ದಾಖಲೆ ಹೇಗೂ ಶಾಲೆಯಲ್ಲೇ ಇರುತ್ತದೆ. ಖರ್ಚಿಲ್ಲ.

ಓದುವ ತೊಂದರೆಯನ್ನು ಗುರುತಿಸುವುದರಲ್ಲೂ ಒಂದು ಎಡವಟ್ಟು ಇದೆ. ಮೊಬೈಲಲ್ಲಿ ಹರಿದಾಡುವ ಡಿಸ್‌ಲೆಕ್ಸಿಯಾ ಪಟ್ಟಿಗಳೆಲ್ಲ ಇಂಗ್ಲಿಷಿನವು. ಬಿ ಬದಲು ಡಿ ಬರೆಯುತ್ತಾನಾ ಅಂತ ಕೇಳುತ್ತವೆ. ಕನ್ನಡ ಓದುವ ಮಗುವಿನ ತೊಂದರೆ ಹಾಗೆ ಕಾಣುವುದಿಲ್ಲ. ಕಾಗುಣಿತ, ಒತ್ತಕ್ಷರ ಸೇರಿ ನಮ್ಮ ಮಕ್ಕಳು ಕಲಿಯಬೇಕಾದ ರೂಪಗಳು ನಾನೂರಕ್ಕೂ ಹೆಚ್ಚು. ಎಲ್ಲ ಮಕ್ಕಳಿಗೂ ಇದು ಕರಗತವಾಗಲು ನಾಲ್ಕೈದು ವರ್ಷ ಬೇಕು ಅಂತ ಕನ್ನಡ ಓದಿನ ಬಗ್ಗೆ ಕೆಲಸ ಮಾಡಿರುವ ಸೋನಾಲಿ ನಾಗ್ ಅವರ ಅಧ್ಯಯನಗಳು ತೋರಿಸಿವೆ. ಹಾಗಾಗಿ ಎರಡನೇ ತರಗತಿಯಲ್ಲಿ ಒತ್ತು ತಪ್ಪಿದರೆ ಗಾಬರಿ ಬೇಡ. ಐದನೇ ತರಗತಿಯಲ್ಲೂ ‘ಪುಸ್ತಕ’ವನ್ನು ‘ಪುಸತಕ’ ಅಂತ ಓದುತ್ತಿದ್ದರೆ, ದೀರ್ಘ ಬಿಟ್ಟುಹೋಗುತ್ತಿದ್ದರೆ, ಒಂದು ಸಾಲು ಓದಲು ನಿಮಿಷ ಹಿಡಿದು ಅರ್ಥವೇ ಮರೆತುಹೋಗುತ್ತಿದ್ದರೆ, ಅದೇ ಪಾಠ ಕಿವಿಯಿಂದ ಕೇಳಿದಾಗ ಮಾತ್ರ ಪಟಪಟ ಉತ್ತರ ಹೇಳಿದರೆ, ಪರೀಕ್ಷೆ ಮಾಡಿಸಬೇಕು. ಅಲ್ಪಪ್ರಾಣ, ಮಹಾಪ್ರಾಣದ ತಪ್ಪನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದರಲ್ಲಿ ನಾವು ದೊಡ್ಡವರೇ ಫೇಲು.

ಕಿವಿ ಸೋರುವ ಮಗುವನ್ನೂ ಟೀಚರು ಮರೆಯಬಾರದು. ‘ಎಷ್ಟು ಸಲ ಹೇಳಿದರೂ ಕೇಳಲ್ಲ’ ಅನ್ನಿಸಿಕೊಳ್ಳುವ ಹುಡುಗನಿಗೆ ಎಷ್ಟೋ ಸಲ ನಿಜವಾಗಿಯೂ ಕೇಳಿಸುತ್ತಿರುವುದಿಲ್ಲ. ಮೊದಲ ಬೆಂಚಿಗೆ ಕರೆದು ಕೂರಿಸಿ, ಆಸ್ಪತ್ರೆಗೆ ಕಳಿಸಿ.

ತೋಟದ ಶಾಲೆಗಳಲ್ಲಿ ಭಾಷೆಯ ಗೊಂದಲ ಇನ್ನೊಂದು. ಅಸ್ಸಾಂ, ಜಾರ್ಖಂಡ್‌ನಿಂದ ಬಂದ ಕೂಲಿಕಾರರ ಮಕ್ಕಳು, ತುಳು, ತಮಿಳು, ಬ್ಯಾರಿ ಮನೆಮಾತಿನ ಮಕ್ಕಳು ಕನ್ನಡ ತರಗತಿಯಲ್ಲಿ ಸುಮ್ಮನೆ ಕೂತಿರುತ್ತಾರೆ. ಅದು ಭಾಷೆ ಗೊತ್ತಿಲ್ಲದ್ದಕ್ಕೋ, ಬೆಳವಣಿಗೆಯ ತೊಂದರೆಯೋ? ತಾಯಿಯನ್ನು ಕೇಳಿದರೆ ಬಹಳಷ್ಟು ಗೊತ್ತಾಗುತ್ತದೆ: ಮನೆಯಲ್ಲಿ ತನ್ನ ಭಾಷೆಯಲ್ಲಿ, ಅಣ್ಣ ಅಕ್ಕ ಈ ವಯಸ್ಸಿನಲ್ಲಿ ಮಾತಾಡಿದಷ್ಟು ಮಾತಾಡುತ್ತದಾ? ಎರಡು ಮೂರು ಭಾಷೆ ಕೇಳಿ ಬೆಳೆದರೆ ಮಾತು ತಡವಾಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಮನೆಮಾತು ಬಿಡಿಸಿ ಬರೀ ಇಂಗ್ಲಿಷ್ ಮಾತಾಡಿ ಅನ್ನುವ ಸಲಹೆಯನ್ನು ಕೇಳಬೇಡಿ.

ಮೂರ್ಛೆ ಬರುವ ಮಕ್ಕಳ ವಿಷಯದಲ್ಲಿ ಶಾಲೆಗಳಿಗೆ ಭಯ ಜಾಸ್ತಿ. ‘ಇಲ್ಲೇನಾದರೂ ಆದರೆ?’ ಅಂತ ಮನೆಗೆ ಕಳಿಸಿಬಿಡುತ್ತಾರೆ. ಗೊತ್ತಿರಬೇಕಾದದ್ದು ಇಷ್ಟೇ. ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ. ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ. ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದರಿಂದ ಏನೂ ಆಗುವುದಿಲ್ಲ. ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.

ಹಕ್ಕು ಇದೆ, ಜನ ಇಲ್ಲ

ಕಾನೂನಿನ ಕಡೆಯಿಂದ ಕೊರತೆ ಕಡಿಮೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಆಟಿಸಂ, ಕಲಿಕಾ ನ್ಯೂನತೆ ಅದರಲ್ಲಿವೆ. ಶೇ 40 ಮತ್ತು ಅದಕ್ಕಿಂತ ಹೆಚ್ಚು ವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕಿದೆ. ವಿಶೇಷ ಶಾಲೆ ಬೇಕಾದರೆ ಅದೂ ಆಯ್ಕೆ. ‘ನಮ್ಮಲ್ಲಿ ಆಗಲ್ಲ, ಬೇರೆ ಕಡೆ ಸೇರಿಸಿ’ ಅನ್ನುವ ಹಾಗಿಲ್ಲ. 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬರು, ಅದರ ಮೇಲಿನ ಹಂತದಲ್ಲಿ ಹದಿನೈದಕ್ಕೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕು ಎಂದಿತು. ನಮ್ಮ ತಾಲ್ಲೂಕುಗಳಲ್ಲಿ ಈ ಕೆಲಸ ಮಾಡುವವರು ಬ್ಲಾಕ್ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿಗಳು, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು. ಬೆರಳೆಣಿಕೆಯಷ್ಟು ಜನ ಇಡೀ ತಾಲ್ಲೂಕು ಸುತ್ತಬೇಕು. ಅರಸೀಕೆರೆಯಂಥ ದೊಡ್ಡ ತಾಲ್ಲೂಕಿನಲ್ಲಿ ಒಂದು ಶಾಲೆಗೆ ಮತ್ತೆ ಬರುವ ಹೊತ್ತಿಗೆ ಮಗು ಮುಂದಿನ ತರಗತಿಗೆ ಹೋಗಿರುತ್ತದೆ.

ತೀರಾ ಹೆಚ್ಚಿನ ವೈಕಲ್ಯ ಇರುವ ಮಕ್ಕಳಿಗೆ ಮನೆಯಲ್ಲೇ ಶಿಕ್ಷಣ ಪಡೆಯುವ ಹಕ್ಕನ್ನು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಕೊಟ್ಟಿತು. ಒಳ್ಳೆಯದು. ಆದರೆ ಇದು ನೆಪವಾಗುವುದೂ ಉಂಟು. ಶಾಲೆಗೆ ರ‍್ಯಾಂಪ್ ಇಲ್ಲ, ಶೌಚಾಲಯದಲ್ಲಿ ಹಿಡಿಕೆ ಇಲ್ಲ, ಮಗು ‘ಗೃಹಾಧಾರಿತ’. ವಾರಕ್ಕೆ ಎರಡು ದಿನ ಮಾತ್ರ ಆದರೂ ಸರಿ, ಬಿಸಿಯೂಟದ ಹೊತ್ತಿಗಾದರೂ ಸರಿ, ಆ ಮಗು ಬೇರೆ ಮಕ್ಕಳ ನಡುವೆ ಇರಬೇಕು. ಮನೆಯಲ್ಲಿ ಎಷ್ಟೇ ಚೆನ್ನಾಗಿ ಥೆರಪಿ ಮಾಡಿದರೂ ಗೆಳೆಯರನ್ನು ಮನೆಯವರು ಹುಟ್ಟಿಸಲಾರರು.

ದುಡ್ಡಿನ ವಿಷಯಕ್ಕೆ ಬಂದರೆ, ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸುವಷ್ಟಕ್ಕೆ ಎಲ್ಲರೂ ಸುಸ್ತಾಗುತ್ತಾರೆ. ಮಾಸಾಶನ ಬಂದರೆ ಮುಗಿಯಿತು ಅಂದುಕೊಳ್ಳುತ್ತಾರೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹು ವೈಕಲ್ಯ ಇರುವವರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಇದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಅದರೊಳಗೆ ಒಂದು ಮಿತಿಯವರೆಗೆ ಥೆರಪಿ ಖರ್ಚೂ ಬರುತ್ತದೆ, ಸೇರುವಾಗ ವೈದ್ಯಕೀಯ ಪರೀಕ್ಷೆ ಕೇಳುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಇದರ ಹೆಸರು ಕೇಳಿದವರು ಕಡಿಮೆ.

ಇನ್ನೊಂದು ದುಡ್ಡು ಊರಲ್ಲೇ ಇದೆ. ಗ್ರಾಮ ಪಂಚಾಯಿತಿ ತನ್ನ ಸ್ವಂತ ಆದಾಯದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗೆ ಇಡಬೇಕು. ಎಷ್ಟೋ ಕಡೆ ಅದು ವರ್ಷದ ಕೊನೆಗೆ ಒಂದಷ್ಟು ಸಾಮಾನು ಹಂಚಿ, ಫೋಟೋ ತೆಗೆಸಿಕೊಂಡು ಮುಗಿಯುತ್ತದೆ. ಅದೇ ಹಣದಲ್ಲಿ ಶಾಲೆಯ ಅಂಗಳದಲ್ಲಿ ಎರಡು ಜಿಐ ಪೈಪು ನೆಟ್ಟು ನಡೆಯುವ ಅಭ್ಯಾಸಕ್ಕೆ ಕಂಬಿ ಮಾಡಿಸಬಹುದು. ಊರಿನ ಬಡಗಿಯಿಂದ, ಗೋಡೆಯ ಮೂಲೆಯಂತೆ ಎರಡೂ ಕಡೆ ಆಸರೆ ಕೊಡುವ ಮೂಲೆ ಕುರ್ಚಿ ಮಾಡಿಸಬಹುದು, ಅಳತೆಯನ್ನು ಫಿಸಿಯೋ ಬರೆದುಕೊಡುತ್ತಾರೆ. ಸಕಲೇಶಪುರ, ಬೇಲೂರು, ಅರಕಲಗೂಡು ತಾಲ್ಲೂಕು ಆಸ್ಪತ್ರೆಗಳಿಗೆ ವಾರದಲ್ಲಿ ಒಂದು ಗೊತ್ತಾದ ದಿನ ಜಿಲ್ಲೆಯಿಂದ ಥೆರಪಿಸ್ಟ್ ಬರುವಂತಾದರೆ, ಸುತ್ತಲಿನ ಪಂಚಾಯಿತಿಗಳು ಸೇರಿ ಅವತ್ತಿಗೆ ಒಂದು ಗಾಡಿ ಗೊತ್ತು ಮಾಡಬಹುದು. ಸಂತೆಯ ದಿನವಾದರೆ ಇನ್ನೂ ಒಳ್ಳೆಯದು, ಜನ ಹೇಗೂ ಪೇಟೆಗೆ ಬರುತ್ತಾರೆ, ಕೂಲಿಯೂ ತಪ್ಪುವುದಿಲ್ಲ.

ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ವಿಆರ್‌ಡಬ್ಲ್ಯೂ ಅಂತ ಕೇಳಿದರೆ ತೋರಿಸುತ್ತಾರೆ. ಯಾವ ಮನೆಯಲ್ಲಿ ಯಾವ ಮಗುವಿದೆ ಅನ್ನುವುದು ಅವರಿಗೆ ಗೊತ್ತು. ಮುಂದಿನ ಗ್ರಾಮಸಭೆಗೆ ಹೋಗುವಾಗ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. ಕಳೆದ ವರ್ಷದ ಶೇ 5 ಎಷ್ಟಿತ್ತು, ಯಾವುದಕ್ಕೆ ಹೋಯಿತು ಅಂತ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.